ಗಾಡಿಯ ಬಾಗಿಲೊಳಗಿನ ಹಲಗೆ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಕೈಕೆಲಸದ ಬಗ್ಗೆ ಈ ಸಾರಿ ಮಾತಾಡಬೇಕೆಂದು ಹಿರಿಯರು ಕೇಳಿಕೊಂಡರು. ನಾನು ಭಾಷಣಗಾರನಲ್ಲ, ತೋಟದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ತಲೆ ನರೆಸಿಕೊಂಡವನು. ಆದಕಾರಣ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಸಂಗತಿಯನ್ನು ಹೇಳುತ್ತೇನೆ. ಅದು ಗಾಡಿಯ ಬಾಗಿಲ ಒಳಮೈಗೆ ಕೂರಿಸಿರುವ ಹಲಗೆಯ ಸಂಗತಿ. ಅಂಗಡಿಯವರು ಅದನ್ನು ಡೋರ್ ಪ್ಯಾಡ್ ಅನ್ನುತ್ತಾರೆ. ನಾವೂ ಹಾಗೆಯೇ ಅನ್ನೋಣ.

‘ಎಲೆ ಕಿತ್ತು ಹೊಟ್ಟೆ ಹೊರೆಯುವ ನಮಗೆ ಕಾರಿನ ಅಲಂಕಾರ ಯಾಕೆ?’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗುವುದು ನನಗೆ ಕೇಳಿಸಿತು. ಜೀಪು ಇಟ್ಟುಕೊಂಡಿರುವವರೂ ನಗುತ್ತಿದ್ದಾರೆ, ಯಾಕಂದರೆ ಅವರ ಹಳೆಯ ಜೀಪಿಗೆ ಬಾಗಿಲೇ ಟಾರ್ಪಾಲು. ನಗಲಿ. ಆದರೆ ಈಗ ನಮ್ಮ ಪಾಡಿಗಳ ಮುಂದೆ ಏನು ನಿಂತಿದೆ ಎಂದು ನೋಡಿರಿ. ಎರಡನೆಯ ಮೂರನೆಯ ಕೈ ದಾಟಿ ಬಂದ ಮಾರುತಿ 800, ಓಮ್ನಿ, ಎಲ್ಲೋ ಒಂದೆರಡು ಅಂಬಾಸಿಡರ್. 800 ಗಾಡಿ ಹೊರಬಂದದ್ದು 1983ರ ಡಿಸೆಂಬರಿನಲ್ಲಿ. 2014ರಲ್ಲಿ ಅದರ ತಯಾರಿ ನಿಂತಿತು. ಅದೇ ವರ್ಷ ಬಂಗಾಳದ ಉತ್ತರಪಾರದಲ್ಲಿ ಅಂಬಾಸಿಡರ್ ಕಾರ್ಖಾನೆಗೂ ಬೀಗ ಬಿತ್ತು. ಓಮ್ನಿ 2019ರ ತನಕ ಬಂತು. ಅಂದಮೇಲೆ ಇವೆಲ್ಲ ಇನ್ನು ಹುಟ್ಟದ ಗಾಡಿಗಳು. ಇರುವುದನ್ನು ಉಳಿಸಿಕೊಳ್ಳಬೇಕಾದವರು ನಾವೇ.

ಈ ಗಾಡಿಗಳನ್ನು ಕೊಂಡ ಹಣ ಎಲ್ಲಿಯದು? ಅಪ್ಪನ ಪಿಎಫ್, ಅಮ್ಮನ ಗ್ರಾಚ್ಯುಟಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಾಗೆಯೇ ಬಂದ ಹಣದಲ್ಲಿ ಒಂದು ಓಮ್ನಿ ತೆಗೆದರು. ಮಗ ಬೆಳಿಗ್ಗೆ ಶಾಲೆಯ ಮಕ್ಕಳನ್ನು ಬಿಡುವನು, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡುವನು. ಕೆಲಸದಿಂದ ನಿವೃತ್ತರಾದ ಮೇಲೆ ಲೈನ್ ಮನೆ ಬಿಡಬೇಕು, ಬಾಡಿಗೆಗೆ ಹೋಗಬೇಕು. ಆ ಬಾಡಿಗೆ ಹುಟ್ಟುವುದು ಈ ಗಾಡಿಯಿಂದಲೇ. ಮುಂದಿನ ಬಾಗಿಲ ಡೋರ್ ಪ್ಯಾಡ್ ಮಳೆಗಾಲದಲ್ಲಿ ಉಬ್ಬಿ ಹೊರಗೆ ಬಂತು. ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಪ್ಯಾಡ್ ಹಾಕಿ ಚಂದ ಮಾಡಿ ಕಳುಹಿಸಿದರು; ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ. ಎರಡು ಮಳೆಗಾಲ ಕಳೆಯುವಾಗ ಬಾಗಿಲ ತಳ ಜರಡಿಯಾಗಿತ್ತು. ಎಫ್‌ಸಿಗೆ ಹೋದಾಗ ಗಾಡಿ ನಿಂತಿತು. ತಗಡು ಕತ್ತರಿಸಿ ಬೆಸುಗೆ ಹಾಕಿಸಿ ಬಣ್ಣ ಹೊಡೆಸುವ ಹೊತ್ತಿಗೆ ಶಾಲೆಯ ಟ್ರಿಪ್ಪು ಬೇರೊಬ್ಬರ ಪಾಲಾಯಿತು. ಇದನ್ನು ನೀವು ಅಲಂಕಾರದ ವಿಷಯ ಅನ್ನುತ್ತೀರೋ?

ಹಾಗಾದರೆ ಪ್ಯಾಡ್ ಯಾಕೆ ಉಬ್ಬುತ್ತದೆ? ಇದನ್ನು ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಬಾಗಿಲ ಗಾಜಿನ ಮೇಲೆ ಬಿದ್ದ ಮಳೆ ನೀರು ಅಲ್ಲಿಯೇ ನಿಲ್ಲುವುದಿಲ್ಲ. ಗಾಜಿನ ಬುಡದಲ್ಲಿರುವ ರಬ್ಬರು ಪಟ್ಟಿಯನ್ನು ದಾಟಿ ಸ್ವಲ್ಪ ನೀರು ಬಾಗಿಲ ಒಳಗೆ ಇಳಿದೇ ಇಳಿಯುತ್ತದೆ. ಹೊಸ ಗಾಡಿಯಲ್ಲಿಯೂ ಇಳಿಯುತ್ತದೆ. ಅದು ದೋಷವಲ್ಲ, ಗಾಡಿ ಮಾಡಿದವರಿಗೆ ಗೊತ್ತಿರುವುದೇ. ಆದಕಾರಣ ಅವರು ಬಾಗಿಲ ತಳದ ಅಂಚಿನಲ್ಲಿ ಎರಡು ಮೂರು ತೂತು ಬಿಟ್ಟಿರುತ್ತಾರೆ, ನೀರು ಅಲ್ಲಿಂದ ಹೊರಗೆ ಹೋಗಲಿ ಎಂದು. ಮತ್ತು ಒಳಗಿನ ತಗಡಿಗೂ ಡೋರ್ ಪ್ಯಾಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಒಳಗೆ ಚಿಮ್ಮುವ ನೀರು ಆ ಹಾಳೆಗೆ ಬಡಿದು ಕೆಳಗಿಳಿದು ತೂತಿನಿಂದ ಹೋಗುತ್ತದೆ. ಹಳೆಯ ಗಾಡಿಗಳ ಪ್ಯಾಡ್ ಹೆಚ್ಚಾಗಿ ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡು, ಮೇಲೆ ರೆಕ್ಸಿನ್. ಹಾರ್ಡ್‌ಬೋರ್ಡಿಗೆ ನೀರೆಂದರೆ ಅವಲಕ್ಕಿಗೆ ಹಾಲಿದ್ದ ಹಾಗೆ. ರೇಡಿಯೋ ಸ್ಪೀಕರ್ ಹಾಕಲು ಬಂದವನೋ ಗಾಜು ಏರಿಸುವ ಯಂತ್ರ ರಿಪೇರಿ ಮಾಡಿದವನೋ ಆ ಹಾಳೆಯನ್ನು ಕಿತ್ತು ಎಸೆದಿರುತ್ತಾನೆ. ಎಲೆ, ಮಣ್ಣು, ಕೆಸರು ಸೇರಿ ತಳದ ತೂತುಗಳೂ ಮುಚ್ಚಿರುತ್ತವೆ. ದೇವಾಲದಲ್ಲಿ, ಲಕ್ಕಿಡಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಸುರಿಯುವ ಮಳೆ ನಿಮಗೆ ಗೊತ್ತೇ ಇದೆ. ಪ್ಯಾಡ್ ಉಬ್ಬಿದರೆ ತಪ್ಪು ಪ್ಯಾಡಿನದ್ದಲ್ಲ. ಅದು ಒಳಗಿನ ರೋಗದ ಗುರುತು.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚಿಯ ವರೆಗಿನ ಒಣ ದಿನಗಳನ್ನು ಆರಿಸಿಕೊಳ್ಳಿರಿ. ಮಂಜು ಕವಿದ ದಿನ ಅಂಟು ಹಚ್ಚಿದರೆ ಅದರ ಮೇಲೆ ತೇವ ಕೂತು ಹಿಡಿತ ಕೆಡುತ್ತದೆ. ಲ್ಯಾಕರ್ ಬಣ್ಣ ಹೊಡೆದರೆ ಹಾಲಿನಂತೆ ಬಿಳುಪಾಗುತ್ತದೆ.

ಸಾಮಾನು ಹೆಚ್ಚು ಬೇಡ. ಒಂದು ನಕ್ಷತ್ರ ಸ್ಕ್ರೂಡ್ರೈವರ್, ಒಂದು ಚಪ್ಪಟೆಯದ್ದು, ಹಳೆಯ ಬನಿಯನ್ ಬಟ್ಟೆ, ಸ್ಕ್ರೂ ಹಾಕಿಡಲು ಮೊಟ್ಟೆಯ ಟ್ರೇ. ಪ್ಯಾಡ್ ಮೀಟಲು ಪೇಟೆಯಲ್ಲಿ ಪ್ಲಾಸ್ಟಿಕ್ ಸನಿಕೆ ಸಿಗುತ್ತದೆ. ನನ್ನ ಕೇಳಿದರೆ ಒಂದು ಬಿದಿರಿನ ಸೀಳನ್ನು ತುದಿಯಲ್ಲಿ ತೆಳ್ಳಗೆ ಕೆತ್ತಿಕೊಂಡರೆ ಅದಕ್ಕಿಂತ ಒಳ್ಳೆಯದು: ಬಾಗುತ್ತದೆ, ಬಣ್ಣ ಕೆರೆಯುವುದಿಲ್ಲ, ಕಾಸೂ ಇಲ್ಲ. ಕ್ಲಿಪ್ಪುಗಳನ್ನು ಮಾತ್ರ ಮೊದಲೇ ತಂದಿಡಿರಿ. ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ನಾಲ್ಕೈದಾದರೂ ಮುರಿಯುತ್ತವೆ. ಒಂದನ್ನು ಮಾದರಿಗೆ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿರಿ, ಬಾಯಲ್ಲಿ ಹೇಳಿದರೆ ತಪ್ಪು ಅಳತೆ ಕೊಡುತ್ತಾರೆ.

ಬಿಚ್ಚುವ ಮೊದಲು ಒಂದು ಮಾತು, ಇದನ್ನು ಯುವಕರು ಗಮನವಿಟ್ಟು ಕೇಳಬೇಕು. ನಾನು ಹೇಳುತ್ತಿರುವುದು ಹಳೆಯ ಗಾಡಿಗಳ ಬಾಗಿಲಿನ ಮಾತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಮಾರುವ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಕ್ಕಿಂತ ಹಿಂದಿನ ಎಷ್ಟೋ ಕಾರುಗಳಲ್ಲಿಯೂ ಅದು ಇದೆ. ಕೆಲವದರಲ್ಲಿ ಸೀಟಿನ ಪಕ್ಕದಲ್ಲಿ, ಬಾಗಿಲ ಮೇಲಿನ ಕಂಬದಲ್ಲಿಯೂ ಇರುತ್ತದೆ. ಸ್ಟೇರಿಂಗ್, ಡ್ಯಾಶ್‌ಬೋರ್ಡ್, ಕಂಬದ ಮುಚ್ಚಳ ಎಲ್ಲಿಯೇ ಆಗಲಿ ‘ಏರ್‌ಬ್ಯಾಗ್’ ಅಥವಾ ‘ಎಸ್‌ಆರ್‌ಎಸ್’ ಎಂಬ ಅಚ್ಚು ಕಂಡರೆ ಅದನ್ನು ಬಿಚ್ಚಲೂ ಬೇಡಿರಿ, ಅದರ ಮೇಲೆ ಬಣ್ಣ ಹೊಡೆಯಲೂ ಬೇಡಿರಿ. ಅದರೊಳಗೆ ಇರುವುದು ಸಿಡಿಯುವ ಮದ್ದು. ಅದು ಕಲಿತವರ ಕೆಲಸ.

ಈಗ ಬಾಗಿಲಿಗೆ ಬರೋಣ. ಕರೆಂಟಿನ ಗಾಜೋ ಸ್ಪೀಕರೋ ಇದ್ದರೆ ಬ್ಯಾಟರಿಯ ಮೈನಸ್ ತಂತಿಯನ್ನು ತೆಗೆದಿಡಿರಿ. ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿರಿ. ಏರಿಸಿದಾಗ ಗಾಜು ತಿರುಗಿಸುವ ಹಿಡಿ ಯಾವ ಕಡೆಗೆ ನಿಂತಿದೆಯೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿರಿ. ಮತ್ತೆ ಹಾಕುವಾಗ ಅದೇ ಕಡೆಗೆ ನಿಲ್ಲಬೇಕು, ಇಲ್ಲದಿದ್ದರೆ ಮೊಣಕಾಲಿಗೆ ತಾಗುತ್ತದೆ. ಬೀಗದ ಗುಂಡಿ ತಿರುಪಿನದ್ದಾದರೆ ತಿರುಗಿಸಿ ತೆಗೆಯಿರಿ. ಕೈಯೂರುವ ತುಂಡಿನ ಸ್ಕ್ರೂಗಳನ್ನು ಬಿಚ್ಚಿರಿ. ಸ್ಕ್ರೂ ಕಾಣದಿದ್ದರೆ ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದ್ದೀತು, ಉಗುರಿನಲ್ಲಿ ಎಬ್ಬಿಸಿ ನೋಡಿರಿ.

ಗಾಜಿನ ಹಿಡಿಯಲ್ಲಿಯೇ ಹೆಚ್ಚಿನವರು ಸೋಲುವುದು. ಮಾರುತಿಯಂಥ ಗಾಡಿಗಳಲ್ಲಿ ಹಿಡಿಗೆ ಸ್ಕ್ರೂ ಇಲ್ಲ. ಹಿಡಿಯ ಬುಡದಲ್ಲಿ, ಪ್ಯಾಡಿಗೂ ಹಿಡಿಗೂ ನಡುವೆ, ಕುದುರೆ ಲಾಳದ ಆಕಾರದ ಒಂದು ತಂತಿ ಸ್ಪ್ರಿಂಗ್ ಹಿಡಿದುಕೊಂಡಿರುತ್ತದೆ. ಬನಿಯನ್ ಬಟ್ಟೆಯ ಪಟ್ಟಿಯನ್ನು ಆ ಸಂದಿನೊಳಗೆ ಹಾಕಿ, ಎರಡೂ ತುದಿ ಹಿಡಿದು, ಶೂ ಪಾಲಿಶ್ ಮಾಡುವ ಹಾಗೆ ಆಚೆ ಈಚೆ ಎಳೆಯಿರಿ. ಬಟ್ಟೆಯ ನೂಲು ಸ್ಪ್ರಿಂಗಿಗೆ ಸಿಕ್ಕಿ ಅದು ಟಣ್ಣೆಂದು ಹಾರುತ್ತದೆ. ಹಾರುತ್ತದೆ ಎಂಬುದು ನೆನಪಿರಲಿ: ಮುಖ ಪಕ್ಕಕ್ಕೆ ಇರಲಿ, ಇನ್ನೊಬ್ಬರು ಅಂಗೈ ಅಡ್ಡ ಹಿಡಿಯಲಿ. ಕೆಲವು ಹಳೆಯ ಗಾಡಿಗಳಲ್ಲಿ ಹಿಡಿಯ ಬುಡದ ಬಟ್ಟಲನ್ನು ಒಳಕ್ಕೆ ಒತ್ತಿದರೆ ಅಡ್ಡಕ್ಕೆ ಒಂದು ಪಿನ್ನು ಕಾಣುತ್ತದೆ, ಅದನ್ನು ಮೊಳೆಯಿಂದ ತಳ್ಳಬೇಕು. ಇನ್ನು ಕೆಲವದರಲ್ಲಿ ನಡುವೆಯೇ ಸ್ಕ್ರೂ. ನೋಡಿ ಮಾಡಿರಿ, ಎಳೆದು ಮುರಿಯಬೇಡಿರಿ.

ಉಳಿದದ್ದು ಸುಲಭ. ಕೆಳಗಿನ ಮೂಲೆಯಿಂದ ಬಿದಿರನ್ನು ತೂರಿಸಿ ಕ್ಲಿಪ್ಪು ಎಲ್ಲಿದೆಯೆಂದು ತಡವಿರಿ. ಕ್ಲಿಪ್ಪಿನ ಪಕ್ಕಕ್ಕೇ ಕೊಟ್ಟು ಮೀಟಿರಿ. ದೂರದಿಂದ ಮೀಟಿದರೆ ಕ್ಲಿಪ್ಪು ಬಾಗಿಲಲ್ಲಿ ಉಳಿದು ಹಲಗೆ ಮಾತ್ರ ಹರಿದು ಬರುತ್ತದೆ. ಸುತ್ತಲೂ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ತಂತಿ ಇದ್ದರೆ ಎಳೆಯಬೇಡಿರಿ.

ಪ್ಯಾಡನ್ನು ಬದಿಗಿಟ್ಟು ಮೊದಲು ಬಾಗಿಲನ್ನು ನೋಡಿರಿ. ಟಾರ್ಚ್ ಹಿಡಿದು ತಳವನ್ನು ನೋಡಿರಿ. ಒಳಗಿನ ತಗಡಿನ ಅಂಚು ಕತ್ತಿಯ ಹಾಗೆ ಇರುತ್ತದೆ, ಬರಿಗೈ ಹಾಕಬೇಡಿರಿ. ಕೆಸರನ್ನು ಕೆರೆದು ತೆಗೆದು, ತಳದ ತೂತುಗಳಿಗೆ ತಂತಿ ಹಾಕಿ ಬಿಡಿಸಿರಿ. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಂದು ದಿನ ಬಿಸಿಲಿಗೆ ಒಣಗಿಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಸಾರಿ ಹಚ್ಚಿರಿ, ಅದರ ಮೇಲೆ ಎನಾಮಲ್. ಪ್ರೈಮರ್ ಒಂದೇ ಸಾಲದು, ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ. ಹಚ್ಚುವಾಗ ತೂತುಗಳನ್ನು ಮತ್ತೆ ಮುಚ್ಚಿಬಿಡಬೇಡಿರಿ.

ಆಮೇಲೆ ಹಾಳೆ. ಹರಿದಿದ್ದರೆ ಹೊಸದು ಹಾಕಿರಿ. ದಪ್ಪನೆಯ ಶುದ್ಧ ಪಾಲಿಥಿನ್ ಹಾಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗೊಬ್ಬರದ ಚೀಲದ ಒಳಹಾಳೆ ಪುಕ್ಕಟೆ ಸಿಗುತ್ತದೆಂದು ಅದನ್ನು ಕತ್ತರಿಸುವವರಿದ್ದಾರೆ. ಬೇಡಿರಿ. ಪೊಟ್ಯಾಶಿನಲ್ಲಿ ಇರುವುದು ಕ್ಲೋರೈಡ್ ಉಪ್ಪು. ಅದರ ಹುಡಿ ಉಳಿದಿದ್ದರೆ ತಗಡಿಗೆ ನೀವೇ ತುಕ್ಕು ಬಿತ್ತಿದ ಹಾಗಾಯಿತು. ಔಷಧಿಯ ಚೀಲವನ್ನಂತೂ ಮುಟ್ಟಲೇಬೇಡಿರಿ, ಮಕ್ಕಳು ಒರಗಿ ಕೂರುವ ಜಾಗ ಅದು. ಹಾಗೆಯೇ ಬಾಗಿಲು ತೊಳೆಯಲು ತೋಟದ ಬೆನ್ನು ಸ್ಪ್ರೇಯರನ್ನೂ, ಬಣ್ಣ ಕಲಸಲು ಔಷಧಿಯ ಡಬ್ಬವನ್ನೂ ತರಬೇಡಿರಿ.

ಹಾಳೆಯನ್ನು ಸುತ್ತಲೂ ಬ್ಯೂಟೈಲ್ ಟೇಪಿನಿಂದ ಅಂಟಿಸಬೇಕು. ಅದು ಕರಿಯ, ಜಿಗುಟಾದ, ಒಣಗದ ಟೇಪು. ಹಾಳೆಯ ಕೆಳಗಿನ ಅಂಚು ಮಾತ್ರ ಒಳತಗಡಿನ ದೊಡ್ಡ ತೂತಿನೊಳಕ್ಕೆ ಇಳಿದಿರಬೇಕು. ಹೊರಗೆ ಬಿಟ್ಟರೆ ಹಾಳೆಯ ಮೇಲೆ ಇಳಿದ ನೀರು ನೇರವಾಗಿ ಪ್ಯಾಡಿಗೇ ಬರುತ್ತದೆ. ಮನೆಯ ಹೆಂಚು ಹೊದಿಸುವವನು ಮೇಲಿನ ಹೆಂಚನ್ನು ಕೆಳಗಿನದರ ಮೇಲೆ ಚಾಚಿಸುವುದೂ ಇದೇ ಲೆಕ್ಕ. ಅಂಟಿಸಿದ ಮೇಲೆ ಹೊರಗಿನಿಂದ ಗಾಜಿನ ಮೇಲೆ ನಾಲ್ಕು ಚೊಂಬು ನೀರು ಸುರಿಯಿರಿ. ಬಾಗಿಲ ತಳದಿಂದ ನೀರು ಸುರಿಯಬೇಕು, ಹಾಳೆಯ ಈಚೆಗೆ ಒಂದು ಹನಿಯೂ ಬರಬಾರದು. ಬಂದರೆ ಎಲ್ಲಿಂದ ಎಂದು ಹುಡುಕಿ ಅಂಟಿಸಿರಿ. ಈ ಪರೀಕ್ಷೆ ಆಗುವ ತನಕ ಪ್ಯಾಡಿನ ಕೆಲಸಕ್ಕೆ ಕೈ ಹಾಕಬೇಡಿರಿ.

ಇನ್ನು ಪ್ಯಾಡ್. ಕೆಳಗಿನ ಅಂಚು ಮಾತ್ರ ಸ್ವಲ್ಪ ಮೆತ್ತಗಾಗಿದ್ದರೆ ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ರುಬ್ಬುವ ಕಲ್ಲು ಹೇರಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿದರೆ ನೆಟ್ಟಗಾಗುತ್ತದೆ. ಹುಡಿಹುಡಿಯಾಗಿದ್ದರೆ ಹೊಸದೇ ಕತ್ತರಿಸಬೇಕು. ಪುಟ್ಟಿ ಮೆತ್ತಿ ಉಳಿಸುವುದು ವ್ಯರ್ಥ ಕೆಲಸ. ರೆಕ್ಸಿನನ್ನು ಮೆಲ್ಲಗೆ ಸುಲಿದು ತೆಗೆಯಿರಿ. ಹರಿಯದಿದ್ದರೆ ತೊಳೆದು ಅದನ್ನೇ ಹಾಕಬಹುದು, ಹರಿದರೆ ಹೊಸದಕ್ಕೆ ಅಳತೆಯಾಯಿತು. ಹಳೆಯ ಹಲಗೆಯನ್ನು 3 ಮಿಲಿಮೀಟರ್ ಹಾರ್ಡ್‌ಬೋರ್ಡಿನ ಮೇಲೋ ನೀರು ತಡೆಯುವ ಪ್ಲೈವುಡ್ಡಿನ ಮೇಲೋ ಇಟ್ಟು ಗೆರೆ ಎಳೆಯಿರಿ. ಹಳೆಯದರ ದಪ್ಪವನ್ನು ಉಬ್ಬದ ಕಡೆ ಅಳೆದು ನೋಡಿ ತರಬೇಕು, ಯಾಕಂದರೆ ಹಲಗೆ ದಪ್ಪವಾದರೆ ಕ್ಲಿಪ್ಪು ಕೂರುವುದಿಲ್ಲ. ಉಬ್ಬಿದ ಹಲಗೆಯ ಅಂಚನ್ನು ನಂಬಬೇಡಿರಿ. ಕ್ಲಿಪ್ಪಿನ ತೂತುಗಳನ್ನು ಬಾಗಿಲ ಮೇಲಿಟ್ಟು ಇನ್ನೊಮ್ಮೆ ತಾಳೆ ನೋಡಿರಿ. ಬಣ್ಣ, ರೆಕ್ಸಿನ್ ಯಾವುದೂ ಇಲ್ಲದೆ ಬರೀ ಹಲಗೆಯನ್ನು ಒಮ್ಮೆ ಬಾಗಿಲಿಗೆ ಕೂರಿಸಿ ತೆಗೆಯುವುದು ಜಾಣತನ.

ಹಲಗೆಯ ಹಿಂಬದಿಗೆ ಎನಾಮಲ್ ಬಣ್ಣ ಎರಡು ಸಾರಿ ಹಚ್ಚಿರಿ, ಸುತ್ತಲೂ ಎರಡು ಬೆರಳಗಲ ಬಿಟ್ಟು. ಆ ಎರಡು ಬೆರಳಗಲದ ಮೇಲೆ ರೆಕ್ಸಿನ್ ಮಡಚಿ ಅಂಟಿಸಬೇಕು. ಬಣ್ಣದ ಮೇಲೆ ಅಂಟು ಹಾಕಿದರೆ ಅಂಟಿನ ತಿನ್ನರ್ ಬಣ್ಣವನ್ನೇ ಎಬ್ಬಿಸುತ್ತದೆ. ಮುಂಭಾಗಕ್ಕೆ ಬಣ್ಣ ಬೇಡ, ಅಂಟೇ ಅದಕ್ಕೆ ಹೊದಿಕೆ. ತೂತುಗಳ ಒಳಅಂಚಿಗೆ ಕಡ್ಡಿಯಲ್ಲಿ ಬಣ್ಣ ಮುಟ್ಟಿಸಲು ಮರೆಯಬೇಡಿರಿ, ನೀರು ಮೊದಲು ಕುಡಿಯುವುದು ಅಲ್ಲಿಯೇ.

ರೆಕ್ಸಿನ್ ಅಂಟಿಸುವುದಕ್ಕೆ ನಮ್ಮ ಅಕ್ಕತಂಗಿಯರನ್ನು ಕರೆಯಿರಿ. ಎರಡೆಲೆ ಒಂದು ಮೊಗ್ಗು ಕಿತ್ತ ಬೆರಳುಗಳಿಗೆ ಈ ಕೆಲಸ ಬೇಗ ಬರುತ್ತದೆ. ಗಂಡಸರು ಅವಸರ ಮಾಡಿ ಸುಕ್ಕು ಮಾಡುತ್ತಾರೆ. ರೆಕ್ಸಿನನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿಡಿರಿ, ಮೆತ್ತಗಾಗುತ್ತದೆ. ಎಸ್‌ಆರ್ ಅಂಟನ್ನು ಹಲಗೆಗೂ ರೆಕ್ಸಿನಿನ ಹಿಂಬದಿಗೂ, ಎರಡಕ್ಕೂ, ತೆಳ್ಳಗೆ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಬೇಕು. ಬೆರಳು ಮುಟ್ಟಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಬರಬಾರದು, ಅದೇ ಸಮಯ. ಒಮ್ಮೆ ತಾಗಿಸಿದರೆ ಮತ್ತೆ ಸರಿಸುವ ಹಾಗಿಲ್ಲ. ಆದಕಾರಣ ನಡುವಿನಿಂದ ಆರಂಭಿಸಿ ಅಂಗೈಯಿಂದ ಹೊರಗೆ ಹೊರಗೆ ಒತ್ತುತ್ತಾ ಹೋಗಬೇಕು. ಮೂಲೆಗಳಲ್ಲಿ ಮಡಚುವ ಭಾಗಕ್ಕೆ ಸಣ್ಣ ಸಣ್ಣ ಮೂಲೆಗತ್ತರಿ ಕೊಟ್ಟರೆ ಗಂಟು ಬೀಳುವುದಿಲ್ಲ. ಅಂಗಡಿಯವರು ಕೆಳಗೆ ಸ್ಪಂಜು ಹಾಕಿ ಮೆತ್ತಗೆ ಮಾಡುತ್ತಾರೆ. ನಮ್ಮ ಮಳೆಗೆ ಸ್ಪಂಜು ಬೇಡ ಎಂದು ನನ್ನ ಅಭಿಪ್ರಾಯ. ಅದು ನೀರು ಹಿಡಿದಿಟ್ಟು ಬೂಸಲು ಬೆಳೆಸುತ್ತದೆ.

ಅಂಟಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಒಂದು ಮಾತು. ಇಂಥ ಅಂಟಿನಲ್ಲಿಯೂ ತಿನ್ನರಿನಲ್ಲಿಯೂ ಸಾಮಾನ್ಯವಾಗಿ ಟೊಲುವೀನ್ ಇರುತ್ತದೆ. ಅದರ ಹಬೆ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಹೋಗುತ್ತದೆ. ನಮ್ಮ ಲೈನ್ ಮನೆಗಳಲ್ಲಿ ಒಲೆ ಎಲ್ಲಿರುತ್ತದೆ? ನೆಲದ ಮೇಲೆಯೇ. ಮನೆಯೊಳಗೆ ಅಂಟಿನ ಡಬ್ಬ ತೆರೆದರೆ ಆಚೆ ಕೋಣೆಯ ಒಲೆಯಿಂದ ಬೆಂಕಿ ಹಿಂದಕ್ಕೆ ಓಡಿ ಬರಬಹುದು. ಅಂಗಳದಲ್ಲಿಯೇ ಮಾಡಿರಿ. ಬೀಡಿ ಬೇಡ. ಬಸುರಿ ಹೆಂಗಸರೂ ಸಣ್ಣ ಮಕ್ಕಳೂ ಹತ್ತಿರ ಬರಬಾರದು; ಮೂಗಿಗೆ ಕಟ್ಟಿದ ಕರ್ಚೀಫು ಆ ಹಬೆಯನ್ನು ತಡೆಯುವುದಿಲ್ಲ. ಮಿಕ್ಕಿದ ಡಬ್ಬವನ್ನು ಬೀಗ ಹಾಕಿಡಿರಿ. ಅದನ್ನು ಮೂಸುವ ಚಟಕ್ಕೆ ಬಿದ್ದ ಹುಡುಗರನ್ನು ನಮ್ಮಲ್ಲಿ ಕೆಲವರಾದರೂ ನೋಡಿದ್ದೇವೆ, ಅದನ್ನು ಸಭೆಯಲ್ಲಿ ಹೇಳಲು ನಾಚಿಕೆಪಡಬೇಕಾಗಿಲ್ಲ.

ಪ್ಲಾಸ್ಟಿಕ್ ಭಾಗಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬಣ್ಣ ಮಾಸಿದ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲು ಸೋಪು ನೀರಿನಲ್ಲಿ ಹಳೆಯ ಬ್ರಷ್ಷಿನಿಂದ ಚೆನ್ನಾಗಿ ತೊಳೆದು ನೋಡಿರಿ. ಹತ್ತರಲ್ಲಿ ಏಳಕ್ಕೆ ಅಷ್ಟೇ ಸಾಕು. ಹೊಡೆಯಲೇಬೇಕಿದ್ದರೆ ಹಿಂಬದಿಯ ಅಚ್ಚು ಓದಿರಿ. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಪ್ಲಾಸ್ಟಿಕ್ಕಿಗೆಂದೇ ಇರುವ ಹಿಡಿತದ ಪ್ರೈಮರ್ ಹಚ್ಚದಿದ್ದರೆ ಯಾವ ಬಣ್ಣವೂ ನಿಲ್ಲದು, ಉಗುರಿನಲ್ಲಿ ಸುಲಿದು ಬರುತ್ತದೆ. ‘ಎಬಿಎಸ್’ ಎಂದಿದ್ದರೆ ಬಣ್ಣ ಹಿಡಿಯುತ್ತದೆ, ಆದರೆ ಅದನ್ನು ತಿನ್ನರಿನಲ್ಲಿ ಒರಸಿದರೆ ಮೈ ಕರಗಿ ಬಿರುಕು ಬಿಡುತ್ತದೆ. ಹಿಂದೆ ಹೊಳಪಿನ ಪಾಲಿಶ್ ಹಚ್ಚಿದ್ದರೆ ಅದರ ಸಿಲಿಕೋನ್ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. 400ರ ವಾಟರ್ ಪೇಪರಿನಲ್ಲಿ, ಆಮೇಲೆ 600ರದ್ದರಲ್ಲಿ ನೀರು ಹಾಕಿ ಉಜ್ಜಿ, ಒಣಗಿಸಿ, ತೆಳ್ಳಗೆ ಮೂರು ಸಾರಿ ಹೊಡೆಯಿರಿ. ದಪ್ಪವಾಗಿ ಒಂದೇ ಸಾರಿ ಹೊಡೆದರೆ ಇಳಿಯುತ್ತದೆ.

ಮತ್ತೆ ಕೂರಿಸುವಾಗ ಪ್ಯಾಡಿನ ಮೇಲಂಚನ್ನು ಮೊದಲು ಸಿಕ್ಕಿಸಿ, ಒಂದೊಂದು ಕ್ಲಿಪ್ಪನ್ನೂ ಅದರ ತೂತಿಗೆ ನೇರ ಹಿಡಿದು ಅಂಗೈಯಿಂದ ಗುದ್ದಿರಿ. ಗಾಜಿನ ಹಿಡಿಯ ಲಾಳದ ಸ್ಪ್ರಿಂಗನ್ನು ಮೊದಲು ಹಿಡಿಯ ಗಾಡಿಗೆ ಕೂರಿಸಿ, ಆಮೇಲೆ ಹಿಡಿಯನ್ನು ಹಲ್ಲಿನ ಮೇಲಿಟ್ಟು ಒತ್ತಿದರೆ ತಾನೇ ಕಚ್ಚಿಕೊಳ್ಳುತ್ತದೆ. ಬಾಗಿಲು ಮುಚ್ಚುವ ಮೊದಲು ಒಳಗಿನ ಹಿಡಿಯಿಂದ ಬೀಗ ತೆರೆಯುತ್ತದೋ ಎಂದು ನೋಡಿಕೊಳ್ಳಿರಿ.

ಮೊದಲ ಬಾಗಿಲಿಗೆ ಎರಡು ಭಾನುವಾರ ಮಧ್ಯಾಹ್ನ ಹಿಡಿಯುತ್ತದೆ, ಎರಡನೆಯದಕ್ಕೆ ಒಂದು. ಬಣ್ಣ ಒಣಗುವ ದಿನಗಳು ಬೇರೆ. ಯಾರಾದರೂ ಕೈ ಹಾಕುವುದಾದರೆ ನನ್ನನ್ನು ಕರೆಯಿರಿ, ಬಿದಿರಿನ ಸನಿಕೆ ನನ್ನ ಹತ್ತಿರ ನಾಲ್ಕು ಇವೆ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಂದ ಮರುದಿನ ಪ್ಯಾಡಿನ ಕೆಳಗಿನ ಅಂಚನ್ನು ಕೈಯಿಂದ ಸವರಿ ನೋಡಿರಿ. ತಣ್ಣಗೆ ತೇವ ಅನ್ನಿಸಿದರೆ ಸೆಪ್ಟೆಂಬರಿನ ತನಕ ಕಾಯದೆ ಆ ವಾರವೇ ಬಿಚ್ಚಿರಿ. ಹಾಳೆಯ ಒಂದು ಮೂಲೆ ಎದ್ದಿರುತ್ತದೆ, ಅಷ್ಟೇ.